ನೂರಿಪ್ಪತ್ತು ಕುದುರೆ, ಮೂರು ಸಿಲಿಂಡರು

ರೋಣದ ಕಡೆ ಈಗ ಹೆಣ್ಣಿನವರು "ಹೊಲ ಎಷ್ಟು ಎಕರೆ ಐತ್ರಿ?" ಎಂದು ಕೇಳಿದ ಮೇಲೆ, "ಗಾಡಿ ಟರ್ಬೊ ಏನ್ರಿ?" ಎಂದೂ ಕೇಳುವ ಕಾಲ ಬಂದಿದೆ.

ಈ ಟರ್ಬೊ ಎಂಜಿನ್ನಿನ ಜಾತಕ ಬರೆದದ್ದು ತೆರಿಗೆ ಇಲಾಖೆ. ಕಾರಿನ ಉದ್ದ 4 ಮೀಟರಿನೊಳಗೆ, ಪೆಟ್ರೋಲ್ ಎಂಜಿನ್ 1200 ಸಿಸಿಯೊಳಗೆ ಇದ್ದರೆ ಜಿಎಸ್‌ಟಿ ಶೇ. 18, ಮೀರಿದರೆ ಶೇ. 40. ಹೀಗಾಗಿ ವೆನ್ಯೂ ಟರ್ಬೊಗೆ 998 ಸಿಸಿ, ನೆಕ್ಸಾನ್‌ಗೆ 1199. ಆ ಒಂದು ಸಿಸಿ ಸರಕಾರಕ್ಕೆ ಬಿಟ್ಟ ಮರ್ಯಾದೆ. ಎರಡಕ್ಕೂ ಮೂರೇ ಸಿಲಿಂಡರು, ಎರಡಕ್ಕೂ 120 ಅಶ್ವಶಕ್ತಿ.

ಸಿಸಿಯ ಕೊರತೆ ನೀಗಿಸುವುದು ಟರ್ಬೊ. ಸೈಲೆನ್ಸರಿನತ್ತ ಹೊರಟ ಬಿಸಿಹೊಗೆಯಿಂದ ತಿರುಗುವ ಅಂಗೈಯಲ್ಲಿ ಹಿಡಿಸುವ ಚಕ್ರ, ಎಂಜಿನ್ನಿಗೆ ಗಾಳಿ ತುರುಕುತ್ತದೆ. ಗಜೇಂದ್ರಗಡದ ಗುಡ್ಡದ ಗಾಳಿಯಂತ್ರ ನಿಮಿಷಕ್ಕೆ ಹತ್ತಿಪ್ಪತ್ತು ಸುತ್ತು ತಿರುಗಿದರೆ ಹೆಚ್ಚು. ಟರ್ಬೊದ ಚಕ್ರ ಲಕ್ಷ ದಾಟುತ್ತದೆ.

ಆ 120 ಕುದುರೆಗಳು ಪೂರ್ತಿ ಲಾಯ ಬಿಟ್ಟು ಹೊರಬರುವುದು ಎಂಜಿನ್ 5500–6000 ಸುತ್ತು ಮುಟ್ಟಿದಾಗ. ನರಗುಂದದಿಂದ ರೋಣಕ್ಕೆ ಹೊರಡಿ ನೋಡಿ: ಊರ ಅಗಸಿಗೊಂದು ಹಂಪು, ಊರೊಳಗೆ ಎಮ್ಮೆ, ಊರ ಹೊರಗೆ ಡಾಂಬರಿನ ಮೇಲೆ ಒಕ್ಕಣೆ. 1500 ಸುತ್ತಿನ ಕೆಳಗೆ ಟರ್ಬೊ ನಿದ್ದೆಯಲ್ಲಿರುತ್ತದೆ. ಹಂಪು ದಾಟಿ ಎಕ್ಸಲರೇಟರ್ ಒತ್ತಿದರೆ ಒಂದು ಗಳಿಗೆ ಏನೂ ಇಲ್ಲ. ಎಚ್ಚರಾಗಿ ಜಿಗಿಯುವಷ್ಟರಲ್ಲಿ ಮುಂದಿನ ಹಂಪು. ಜಾಹೀರಾತಿನ ಮೈಲೇಜು ಮಾಯವಾಗುವುದು ಅಲ್ಲೇ.

ಗ್ಯಾರೇಜಿನ ಮಾತು ಕೇಳಿ. "ಟ್ರ್ಯಾಕ್ಟರಿಗೆ ಹಾಕಿ ಉಳಿದ ಆಯಿಲ್ ಐತಿ, ಅದನ್ನ ಸುರುವೋ ತಮ್ಮಾ."

"ಬ್ಯಾಡ್ರಿ ಸಾವ್ಕಾರ್ರ, ಟರ್ಬೊ ಹೋದ್ರ ಎತ್ತಿನ ಜೋಡಿ ಮಾರಬೇಕಾಕ್ಕೈತಿ."

ಹುಡುಗ ಏರ್ ಫಿಲ್ಟರ್ ಬಿಚ್ಚಿ ಕಟ್ಟೆಗೆ ಕುಟ್ಟಿದ. ಎರಿ ಹೊಲದ ಕರಿಧೂಳು ಹಿಡಿಗಟ್ಟಲೆ ಉದುರಿತು. ಸಾಹುಕಾರರು ಅದನ್ನೇ ಮತ್ತೆ ಹಾಕಿಸಿದರು. ಹದಿಮೂರು ಲಕ್ಷದ ಕಾರಿಗೆ ಹೊಸ ಫಿಲ್ಟರ್ ದುಬಾರಿಯಂತೆ!

ಟರ್ಬೊ ಚಕ್ರದ ದಂಡ ತೇಲುವುದು ಆಯಿಲಿನ ತೆಳು ಪದರದ ಮೇಲೆ. ಗುಡ್ಡವೇರಿ ಬಂದವರು ಗಕ್ಕನೆ ಕೀಲಿ ತಿರುವಿದರೆ ಆಯಿಲ್ ಹರಿವು ನಿಂತು, ಇದ್ದದ್ದು ಕಾದು ಕರಕಾಗುತ್ತದೆ. ಪೆಟ್ರೋಲನ್ನು ನೇರ ಸಿಲಿಂಡರಿಗೇ ಚಿಮ್ಮಿಸುವ ಎಂಜಿನ್ನಾದರೆ ವಾಲ್ವಿನ ಬೆನ್ನಿಗೂ ಮಸಿ ಕಟ್ಟುತ್ತದೆ. ಕೂಲೆಂಟ್ ಸೋರಿದ್ದು ತಿಳಿಯುವುದು ಬಾನೆಟ್ಟಿನಿಂದ ಆವಿ ಎದ್ದಾಗ. ಬೈಗುಳ ಮಾತ್ರ ಕಂಪನಿಗೆ.

ಪುಸ್ತಕದಲ್ಲಿ ಬರೆದ ಗ್ರೇಡಿನದೇ ಆಯಿಲ್, ಹೊತ್ತಿಗೆ ಸರಿಯಾಗಿ ಹೊಸ ಫಿಲ್ಟರ್, ಏರು ಹತ್ತಿ ಬಂದಾಗ ಆಫ್ ಮಾಡುವ ಮುನ್ನ ಒಂದು ನಿಮಿಷದ ತಾಳ್ಮೆ: ಟರ್ಬೊ ಕೇಳುವುದು ಇಷ್ಟೇ. ಇಷ್ಟು ಆಗದವರು ಟರ್ಬೊ ಇಲ್ಲದ ಕಾರು ಕೊಳ್ಳಲಿ. ಹಂಪಿನಿಂದ ಹಂಪಿಗೆ ಅದೂ ಅಷ್ಟೇ ಹೊತ್ತಿಗೆ ಮುಟ್ಟಿಸುತ್ತದೆ.