ಆಯ್ತು ಸಾರ್!

ಪುಕ್ಕಟೆ ಸಿಕ್ಕಿದ್ದನ್ನು ಯಾರೂ ನಂಬುವುದಿಲ್ಲ, ಅದರಲ್ಲೂ ಮೇಷ್ಟ್ರುಗಳು. ಗಣಿತಕ್ಕೆ ಜಿಯೋಜೀಬ್ರಾ ಎಂಬ ತಂತ್ರಾಂಶ ಇದೆ, ವಿಜ್ಞಾನಕ್ಕೆ ಫೆಟ್ ಇದೆ, ನಾವು ಕಾಸು ಕೊಡಬೇಕಾಗಿಲ್ಲ ಎಂದು ಸ್ಟಾಫ್ ರೂಮಿನಲ್ಲಿ ಹೇಳಿದರೆ ಕನ್ನಡ ಮೇಡಂ, "ಸುಮ್ ಸುಮ್ನೆ ಯಾಕ್ ಕೊಡ್ತಾರಂತೆ?" ಎಂದರು. ಜಿಯೋಜೀಬ್ರಾ ಹುಟ್ಟಿದ್ದು 2001ರಲ್ಲಿ, ಆಸ್ಟ್ರಿಯಾದ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಮಾರ್ಕುಸ್ ಹೋಹೆನ್‌ವಾರ್ಟರ್ ತಮ್ಮ ಸ್ನಾತಕೋತ್ತರ ಪ್ರಬಂಧಕ್ಕೆಂದು ಮಾಡಿದ್ದು ಎಂದೆ. ಕಾರ್ಲ್ ವೀಮನ್ನರಿಗೆ ಅದೇ ವರ್ಷ ಭೌತವಿಜ್ಞಾನದ ನೊಬೆಲ್ ಬಂತು, ಮರುವರ್ಷ ಕೊಲರಾಡೊದಲ್ಲಿ ಫೆಟ್ ಶುರುಮಾಡಿದರು ಎಂದೆ. "ಪ್ರಶಸ್ತಿ ಬಂದ್ಮೇಲೂ ಪಾಠದ ಚಿಂತೆ ಮಾಡಿದ್ರಾ?" ಎಂದು ಮೇಡಂ ಕನ್ನಡಕ ಸರಿಮಾಡಿಕೊಂಡರು. ಅನುಮಾನ ಸಹಜ. ನಮ್ಮ ಕಡೆ ಪ್ರಶಸ್ತಿ ಬಂದ ಮೇಷ್ಟ್ರು ಸನ್ಮಾನಗಳನ್ನೆಲ್ಲ ಮುಗಿಸಿಕೊಂಡು ಕ್ಲಾಸಿಗೆ ಬರುವಷ್ಟರಲ್ಲಿ ಬೇಸಿಗೆ ರಜೆ ಬಂದಿರುತ್ತದೆ.

ನನಗೆ ಜಿಯೋಜೀಬ್ರಾ ಬೇಕಾಗಿದ್ದಕ್ಕೆ ಕಾರಣ ಸರಳ. ಬೋರ್ಡಿನ ಮೇಲೆ ನಾನು ಬರೆಯುವ ವೃತ್ತ ಹಲಸಿನ ಹಣ್ಣಿನ ಹಾಗಿರುತ್ತದೆ. ಪರದೆಯ ಮೇಲೆ ತ್ರಿಭುಜದ ಒಂದು ಶೃಂಗವನ್ನು ಹಿಡಿದು ಹೇಗೆ ಬೇಕಾದರೂ ಎಳೆಯಬಹುದು, ಮೂರು ಕೋನಗಳ ಮೊತ್ತ 180 ಡಿಗ್ರಿಯಿಂದ ಅಲುಗುವುದಿಲ್ಲ. ಮಕ್ಕಳು ಬೆರಗಾಗುತ್ತಾರೆ ಎಂದು ಕಾದರೆ, ಒಬ್ಬ ಪರದೆಯ ಮೇಲಿದ್ದ ಅಂಕಿಗಳನ್ನು ಕೂಡಿ, "ಸಾರ್, 179.99 ಬರ್ತಾ ಐತೆ. ಉಳಿದ 0.01 ಎಲ್ಲೋಯ್ತು?" ಎಂದು ಎದ್ದು ನಿಂತ. ಎರಡು ದಶಮಾಂಶ ಸ್ಥಾನಕ್ಕೆ ಅಂಕಿಯನ್ನು ಕತ್ತರಿಸಿ ತೋರಿಸಿದಾಗ ಹಾಗಾಗುತ್ತದೆ. ಅದನ್ನು ಹೇಳುವಷ್ಟರಲ್ಲಿ ಬೆಲ್ ಹೊಡೆಯಿತು. ಹಲಸಿನ ಹಣ್ಣು ಬರೆಯುತ್ತಿದ್ದ ಕಾಲದಲ್ಲಿ ಇಂಥ ಲೆಕ್ಕಪರಿಶೋಧನೆ ಇರಲಿಲ್ಲ.

ಫೆಟ್‌ನಲ್ಲಿ ಬ್ಯಾಟರಿ, ಬಲ್ಬು, ತಂತಿಗಳನ್ನು ಜೋಡಿಸಿ ಸರ್ಕ್ಯೂಟ್ ಕಟ್ಟುವ ಆಟವೊಂದಿದೆ. ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ಟೂ ಬೇಡ. ನನ್ನ ಉದ್ದೇಶ ಬಲ್ಬು ಉರಿಸುವುದು, ಮಕ್ಕಳ ಉದ್ದೇಶ ಬ್ಯಾಟರಿಯನ್ನೇ ಉರಿಸುವುದು. ಎರಡು ತುದಿಗೂ ಬರೀ ತಂತಿ ಕೊಟ್ಟರೆ ಪರದೆಯ ಮೇಲೆ ಧಗ್ಗನೆ ಜ್ವಾಲೆ ಏಳುತ್ತದೆ. ಪ್ರಯೋಗಾಲಯದಲ್ಲಿ ಬೆಂಕಿಪೆಟ್ಟಿಗೆ ಮುಟ್ಟಲೂ ಬಿಡದ ನಾವು ಇಲ್ಲಿ ತಡೆಯುವಂತಿಲ್ಲ. ಇಡೀ ತರಗತಿ ಸರದಿಯ ಮೇಲೆ ಬೆಂಕಿ ಹಚ್ಚಿತು. ಪರೀಕ್ಷೆಯಲ್ಲಿ ಮಾತ್ರ ಶಾರ್ಟ್ ಸರ್ಕ್ಯೂಟ್ ಪ್ರಶ್ನೆಗೆ ಎಲ್ಲರೂ ಉತ್ತರ ಬರೆದಿದ್ದರು. ರೋಧ ಕಡಿಮೆಯಾದರೆ ವಿದ್ಯುತ್ ಪ್ರವಾಹ ಮಿತಿಮೀರುತ್ತದೆ ಎಂಬುದನ್ನು ನನ್ನ ನೋಟ್ಸಿಗಿಂತ ಆ ಜ್ವಾಲೆ ಚೆನ್ನಾಗಿ ಕಲಿಸಿತ್ತು.

ಇವೆಲ್ಲ ನಗುನಗುತ್ತಾ ಸಹಿಸಿಕೊಳ್ಳಬಹುದಾದವು. ನಿಜವಾದ ಸಂಕಟ ತಂದಿದ್ದು ಪ್ಲಿಕರ್ಸ್. ಮಕ್ಕಳ ಕೈಯಲ್ಲಿ ಮೊಬೈಲ್ ಬೇಡ, ಮೇಷ್ಟ್ರದ್ದೊಂದಿದ್ದರೆ ಸಾಕು. ಕಪ್ಪುಬಿಳುಪು ಚಿತ್ರವಿರುವ ಒಂದೊಂದು ಕಾಗದದ ಕಾರ್ಡನ್ನು ಎಲ್ಲರಿಗೂ ಹಂಚಬೇಕು. ಕಾರ್ಡಿನ ನಾಲ್ಕು ಮಗ್ಗುಲಿಗೆ ಎ, ಬಿ, ಸಿ, ಡಿ. ಉತ್ತರದ ಮಗ್ಗುಲು ಮೇಲೆ ಬರುವಂತೆ ಹಿಡಿದರೆ, ಮೇಷ್ಟ್ರು ಮೊಬೈಲ್ ಕ್ಯಾಮರಾವನ್ನು ತರಗತಿಯ ಉದ್ದಕ್ಕೂ ತೋರಿಸಿಕೊಂಡು ಹೋಗುತ್ತಾರೆ. ಯಾರ ಉತ್ತರ ಏನೆಂದು ಅದೇ ಬರೆದುಕೊಳ್ಳುತ್ತದೆ. ಒಬ್ಬೊಬ್ಬರ ಚಿತ್ರವೂ ಬೇರೆಬೇರೆ, ಆದ್ದರಿಂದ ಪಕ್ಕದವನ ಕಾರ್ಡನ್ನು ಇಣುಕಿ ಪ್ರಯೋಜನವಿಲ್ಲ.

ಇದರಿಂದ ಏನಾಯಿತೆಂದರೆ, ಮೇಷ್ಟ್ರಿಗೂ ಮಕ್ಕಳಿಗೂ ತಲೆತಲಾಂತರದಿಂದ ಇದ್ದ ಒಪ್ಪಂದ ಮುರಿದುಬಿತ್ತು. ನಾವು "ಅರ್ಥ ಆಯ್ತೇನ್ರೋ?" ಎನ್ನಬೇಕು, ಅವರು "ಆಯ್ತು ಸಾರ್!" ಎಂದು ಒಕ್ಕೊರಲಿನಿಂದ ಕೂಗಬೇಕು. ನಮಗೆ ಪೋರ್ಷನ್ ಮುಗಿಯುತ್ತದೆ, ಅವರಿಗೆ ಬಿಸಿಯೂಟಕ್ಕೆ ಹೊತ್ತಾಗುವುದಿಲ್ಲ. ಅಂಥದೊಂದು ಆಯ್ತು ಸಾರ್ ಕೇಳಿಸಿಕೊಂಡ ಬೆನ್ನಿಗೇ, 0.5 ದೊಡ್ಡದೋ 0.45 ದೊಡ್ಡದೋ ಎಂದು ಕಾರ್ಡು ಎತ್ತಿಸಿದೆ. ಅರ್ಧಕ್ಕಿಂತ ಹೆಚ್ಚು ತರಗತಿ 0.45ರ ಪರವಾಗಿತ್ತು.

ಪಿ.ಇ. ಮೇಷ್ಟ್ರು ನೋಡಿ, "ಆ್ಯಪ್ ಕೆಟ್ಟಿರ್ಬೇಕು ಸಾರ್" ಎಂದು ಸಮಾಧಾನ ಹೇಳಿದರು. ಹಿಂದಿನ ಬೆಂಚಿನವನನ್ನು ಕೇಳಿದಾಗ ಅಸಲಿ ವಿಷಯ ಹೊರಬಿತ್ತು. "ಸಾರ್, 4.5 ಓವರ್ ಅಂದ್ರೆ ನಾಲ್ಕು ಓವರು ಐದು ಬಾಲು. ಚುಕ್ಕೆ ಆದ್ಮೇಲೆ ಐದು ಅಂದ್ರೆ ಐದು. ನಲವತ್ತೈದು ದೊಡ್ಡದಲ್ವಾ?" ಕ್ರಿಕೆಟ್ಟಿನಲ್ಲಿ ಅರ್ಧ ಓವರನ್ನು 0.3 ಎಂದು ಬರೆಯುತ್ತಾರೆ. ನಾನು ವರ್ಷಪೂರ್ತಿ ಮಾಡುವ ದಶಮಾಂಶದ ಪಾಠವನ್ನು ಟೀವಿಯ ಸ್ಕೋರು ದಿನವೂ ಸಂಜೆ ಅಳಿಸಿಹಾಕುತ್ತಿತ್ತು. ಪಿ.ಇ. ಮೇಷ್ಟ್ರು ಮೆಲ್ಲಗೆ ಮೈದಾನದ ಕಡೆ ನಡೆದರು.

ಈಗ ಕನ್ನಡ ಮೇಡಮ್ಮೇ ಕಾರ್ಡು ಕೇಳಿ ಒಯ್ಯುತ್ತಾರೆ. ಕನ್ನಡ ಸಂಧಿಗಳು ಲೋಪ, ಆಗಮ, ಆದೇಶ ಎಂದು ಮೂರೇ ಆದ್ದರಿಂದ ನಾಲ್ಕನೆಯ ಮಗ್ಗುಲಿಗೆ 'ಗೊತ್ತಿಲ್ಲ' ಎಂದು ಇಟ್ಟಿದ್ದಾರೆ. ಗೊತ್ತಿಲ್ಲ ಎನ್ನಲು ಅಧಿಕೃತ ಪರವಾನಗಿ ಸಿಕ್ಕಿದ್ದೇ ತಡ, ಮಕ್ಕಳು ಅದನ್ನು ಎದೆಯುಬ್ಬಿಸಿ ಎತ್ತುತ್ತಾರೆ. ಎತ್ತಿದವರಿಗೆ ಬೈಗುಳವಿಲ್ಲ, ಪಾಠ ಇನ್ನೊಂದು ಸಲ ನಡೆಯುತ್ತದೆ. ಪೋರ್ಷನ್ ಮಾತ್ರ ಹಿಂದೆ ಬಿದ್ದಿದೆ. ಪುಕ್ಕಟೆ ಸಾಮಾನಿಗೆ ನಾವು ತೆರುವ ಬೆಲೆ ಅದೇ.

ಮೊನ್ನೆ ಶಿಕ್ಷಕರ ತರಬೇತಿ. ಸಂಪನ್ಮೂಲ ವ್ಯಕ್ತಿಗಳು ದಿನವಿಡೀ ಸ್ಲೈಡ್ ಓದಿ, "ಎಲ್ಲರಿಗೂ ಅರ್ಥ ಆಯ್ತಲ್ವಾ?" ಎಂದರು. ಸಭಾಂಗಣ ನಡುಗುವಂತೆ "ಆಯ್ತು ಸಾರ್!" ಎಂದೆವು. ಕನ್ನಡ ಮೇಡಂ ಎದ್ದು, ವ್ಯಾನಿಟಿ ಬ್ಯಾಗಿನಿಂದ ಕಾರ್ಡಿನ ಕಟ್ಟು ತೆಗೆದು, "ಬೇಕಾದ್ರೆ ಹಂಚ್ಲಾ ಸಾರ್?" ಎಂದರು. ಆಗಲೇ ಎಲ್ಲರಿಗೂ ಕೊನೆಯ ಬಸ್ಸು ನೆನಪಾಯಿತು, ಎಲ್ಲರಿಗಿಂತ ಮೊದಲು ಸಂಪನ್ಮೂಲ ವ್ಯಕ್ತಿಗಳಿಗೆ.