ಕಿವಿಗೊಂದು ಆಡಿಟ್

ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸದೆ, ಕಲ್ಲಂಗಡಿಯನ್ನು ಬೆರಳ ಗೆಣ್ಣಿನಿಂದ ತಟ್ಟದೆ, ಬೆಂಡೆಕಾಯಿಯ ತುದಿ ಮುರಿಯದೆ ನಾನು ಈ ಜನ್ಮದಲ್ಲಿ ಏನನ್ನೂ ಕೊಂಡವನಲ್ಲ. 31 ವರ್ಷ ಅಕೌಂಟ್ಸ್ ವಿಭಾಗದಲ್ಲಿ ಕುರ್ಚಿ ಸವೆಸಿದವನಿಗೆ ಇದು ಚಟವಲ್ಲ, ಧರ್ಮ. ಹೀಗಿರುವಾಗ ಮಗ ತನ್ನ ಸಂಬಳದಲ್ಲಿ ₹17,499 ತೆತ್ತು ವೈರ್‌ಲೆಸ್, ನಾಯ್ಸ್ ಕ್ಯಾನ್ಸಲಿಂಗ್, ಗೇಮಿಂಗ್ ಹೆಡ್‌ಸೆಟ್ ಎಂದು ಮೂರು ಬಿರುದು ಹೊತ್ತ ವಸ್ತುವೊಂದನ್ನು ತರಿಸಿದ. ದುಡ್ಡು ಅವನದು, ಕಿವಿ ಅವನದು, ಆಟವೂ ಅವನದು. ಆದರೂ "ಏಳು ದಿನದೊಳಗೆ ವಾಪಸ್ ಕೊಡಬಹುದಂತಲ್ಲ, ಅಷ್ಟರೊಳಗೆ ನಾನು ಪರೀಕ್ಷೆ ಮಾಡಿ ಹೇಳ್ತೀನಿ" ಎಂದು ಡಬ್ಬಿಯನ್ನು ನನ್ನ ಕಡೆಗೆ ಎಳೆದುಕೊಂಡೆ.

"ಅಪ್ಪ, ನಿಂಗೆ ಗೇಮ್ ಆಡೋಕೇ ಬರಲ್ವಲ್ಲ?"

"ಬೆಂಡೆಕಾಯಿ ಪರೀಕ್ಷೆ ಮಾಡೋಕೆ ನಾನೇನು ಬೆಂಡೆ ಗಿಡವಾ?"

ಡಬ್ಬಿಯನ್ನು ಅಭ್ಯಾಸಬಲದಿಂದ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ, "ಕಾಯಿ ಬಲಿತಿದ್ಯಾ?" ಎಂದು ಕೇಳಿ ಒಳಗೆ ಹೋದಳು.

2009ರ ಡೈರಿಯೊಂದರಲ್ಲಿ ಖಾಲಿ ಹಾಳೆಗಳಿದ್ದವು (ನನ್ನ ಎಲ್ಲ ಡೈರಿಗಳಲ್ಲೂ ಜನವರಿ 9ರ ನಂತರ ಖಾಲಿ ಹಾಳೆಗಳೇ). ಸ್ಕೇಲಿಟ್ಟು ನಾಲ್ಕು ಅಂಕಣ ಎಳೆದೆ: ಸದ್ದು, ಸ್ವಿಚ್ಚಿಗೆ ಮುಂಚೆ, ಸ್ವಿಚ್ಚಿನ ನಂತರ, ಷರಾ. ಪ್ರಯೋಗಶಾಲೆಗೆ ಅಡುಗೆಮನೆಯಷ್ಟು ಪ್ರಶಸ್ತ ಜಾಗ ಬೇರಿಲ್ಲ. ಒಲೆಯ ಪಕ್ಕ ಕುರ್ಚಿ ಹಾಕಿ ಕೂತವನನ್ನು ಹೆಂಡತಿ ದಿಟ್ಟಿಸಿದಾಗ ಚರಿತ್ರೆಯ ಆಸರೆ ಪಡೆದೆ. ಅಮೆರಿಕದ ಯೂಟಾದಲ್ಲಿ ನಥಾನಿಯೆಲ್ ಬಾಲ್ಡ್‌ವಿನ್ ಎಂಬಾತ 1910ರ ಸುಮಾರಿಗೆ ತನ್ನ ಮನೆಯ ಅಡುಗೆಕೋಣೆಯಲ್ಲೇ ಹೆಡ್‌ಫೋನ್ ತಯಾರಿಸಿ ಅಲ್ಲಿನ ನೌಕಾಪಡೆಗೆ ಕಳಿಸಿದ್ದ, ಹೆಡ್‌ಫೋನಿಗೂ ಅಡುಗೆಮನೆಗೂ ಹಳೇ ನಂಟು, ಎಂದು ವಿವರಿಸಿದೆ. ಅವಳು ಒಗ್ಗರಣೆಗೆ ಸಾಸಿವೆ ಹಾಕುತ್ತಾ, "ಅವತ್ತು ಆ ಮನೇಲಿ ಊಟ ಎಷ್ಟು ಗಂಟೆಗಾಯ್ತಂತೆ?" ಎಂದಳು. ಇದಕ್ಕೆ ಚರಿತ್ರೆಯಲ್ಲಿ ಉತ್ತರವಿಲ್ಲ.

ಸದ್ದನ್ನು ಸದ್ದಿನಿಂದಲೇ ಕೊಲ್ಲುವ ಈ ವಿದ್ಯೆ ನನಗೆ ಥಟ್ಟನೆ ಅರ್ಥವಾಯಿತು, ಯಾಕೆಂದರೆ ಅದು ಶುದ್ಧ ಡಬಲ್ ಎಂಟ್ರಿ. ಹೊರಗಿನ ಸದ್ದಿನ ಅಲೆಯನ್ನು ಪುಟ್ಟ ಮೈಕುಗಳು ಕೇಳಿಸಿಕೊಳ್ಳುತ್ತವೆ. ಅದರ ಪ್ರತಿ ಏರಿಗೂ ಒಂದು ಇಳಿವು, ಪ್ರತಿ ಇಳಿವಿಗೂ ಒಂದು ಏರು ಇರುವ ತದ್ವಿರುದ್ಧ ಅಲೆಯನ್ನು ಸ್ಪೀಕರು ಕಿವಿಯೊಳಗೆ ಬಿಡುತ್ತದೆ. ಡೆಬಿಟ್ಟಿಗೆ ಕ್ರೆಡಿಟ್, ಬ್ಯಾಲೆನ್ಸ್ ಸೊನ್ನೆ. ಬೋಸ್ ಸ್ಪೀಕರ್ ಕಂಪನಿ ಕಟ್ಟಿದ, ಬಂಗಾಳಿ ತಂದೆಯ ಮಗ ಅಮರ್ ಬೋಸ್ 1978ರಲ್ಲಿ ಜ್ಯೂರಿಕ್‌ನಿಂದ ಬೋಸ್ಟನ್‌ಗೆ ಹಾರುವಾಗ, ವಿಮಾನದವರು ಕೊಟ್ಟ ಹೆಡ್‌ಫೋನಿನಲ್ಲಿ ಎಂಜಿನ್ನಿನ ಗದ್ದಲವೇ ಹೆಚ್ಚಾಗಿ ಕೇಳಿ, ಇದನ್ನು ಹೇಗೆ ಅಳಿಸಬಹುದೆಂಬ ಲೆಕ್ಕವನ್ನು ಅಲ್ಲೇ ಕೂತು ಹಾಕಲು ತೊಡಗಿದರಂತೆ. ನಾನೂ ವಿಮಾನದಲ್ಲಿ ಕೂತು ಲೆಕ್ಕ ಹಾಕಿದ್ದುಂಟು, ಅಲ್ಲಿನ ಉಪ್ಪಿಟ್ಟಿಗೆ ಚಮಚವೊಂದಕ್ಕೆ ಎಷ್ಟು ಬಿತ್ತು ಎಂದು.

ಆದರೆ ಲೆಕ್ಕಕ್ಕೆ ಸಿಗುವ ಸದ್ದು ಬೇರೆ, ಸಿಗದ ಸದ್ದು ಬೇರೆ. ಸೆಕೆಂಡಿಗೆ 100 ಸಲ ಕಂಪಿಸುವ ಮಂದ್ರ ಸದ್ದಿನ ಒಂದು ಅಲೆ ಸುಮಾರು ಮೂರೂವರೆ ಮೀಟರ್ ಉದ್ದ. ಅದು ಒಂದನೇ ತಾರೀಕಿನ ಸಂಬಳದ ಹಾಗೆ, ಯಾವಾಗ ಬರುತ್ತದೆ, ಎಷ್ಟು ಬರುತ್ತದೆ ಎಂಬುದೆಲ್ಲ ಮೊದಲೇ ಗೊತ್ತು. ಸೆಕೆಂಡಿಗೆ 3,000 ಸಲ ಕಂಪಿಸುವ ಸೀಟಿಯ ಅಲೆಯೋ ಗೇಣುದ್ದವೂ ಇಲ್ಲ. ಅದು ಹೇಳದೆ ಕೇಳದೆ ಬರುವ ನೆಂಟ. ಯಂತ್ರ ವೋಚರ್ ಬರೆಯುವಷ್ಟರಲ್ಲಿ ಹಜಾರದಲ್ಲಿ ಕಾಲು ಚಾಚಿ ಕೂತಿರುತ್ತದೆ. ಹಾಗಾಗಿ ನನ್ನ ಡೈರಿಯಲ್ಲಿ ಮೊದಲ ದಿನವೇ ಫ್ಯಾನ್ ಸೊನ್ನೆ, ಫ್ರಿಜ್ಜು ಸೊನ್ನೆ, ಸಂಪಿನ ಮೋಟಾರು ಸೊನ್ನೆ. ಕುಕ್ಕರ್ ಮಾತ್ರ ಮೂರು ಸೀಟಿಯನ್ನೂ ಕೂಗಿತು, ಸೊಪ್ಪಿನವಳು "ದಂಟೂ, ಮೆಂತ್ಯಾ" ಅಂದದ್ದರಲ್ಲಿ ಒಂದಕ್ಷರವೂ ಸೋರಲಿಲ್ಲ. ಹಿಂದಿನ ಗದ್ದಲವೆಲ್ಲ ಒಣಗಿ ಹೋಗಿದ್ದರಿಂದ ಅವಳು ನಮ್ಮ ಹಜಾರದಲ್ಲೇ ಬುಟ್ಟಿ ಇಳಿಸಿದಂತಾಗಿ ನಾನು "ಒಂದು ಕಟ್ಟು ಎಷ್ಟಮ್ಮಾ?" ಎಂದು ಗೋಡೆಯನ್ನು ಕೇಳಿದೆ. ಮಿಕ್ಸಿ ಅರ್ಧಂಬರ್ಧ: ಗುರ್ ಎನ್ನುವುದು ಹೋಯಿತು, ಕಿರ್ ಎನ್ನುವುದು ಉಳಿಯಿತು.

ಎರಡನೇ ದಿನ ಯಂತ್ರದಲ್ಲಿ ದೋಷ ಕಂಡೆ. ಫ್ಯಾನಿನ ಸದ್ದು ಎಡಗಿವಿಯಲ್ಲಿ ಮತ್ತೆ ಜಿನುಗುತ್ತಿತ್ತು. ಷರಾ ಅಂಕಣದಲ್ಲಿ "ಕಳಪೆ ಮಾಲು" ಎಂದು ಬರೆದು ಅಡಿಗೆರೆ ಎಳೆದೆ. ಮಗ ಬಂದು ನನ್ನ ಕನ್ನಡಕದ ಕಡ್ಡಿಯನ್ನು ಬೆರಳಿನಿಂದ ಮುಟ್ಟಿ ತೋರಿಸಿದ. ಮೆತ್ತೆಗೂ ಕೆನ್ನೆಗೂ ನಡುವೆ ಅದು ಸಂದು ಮಾಡಿತ್ತು. ಮಂದ್ರ ಸದ್ದಿಗೆ ಅಷ್ಟು ದಾರಿ ಸಾಕಂತೆ. ಕನ್ನಡಕ ತೆಗೆದೆ, ಫ್ಯಾನ್ ಹೋಯಿತು. ಡೈರಿಯೂ ಹೋಯಿತು, ಕಾಣಬೇಕಲ್ಲ. ಷರಾ ತಿದ್ದಲು ಆಗದೆ ತಲೆ ತಗ್ಗಿಸಿ ಕೋಡುಬಳೆ ಕಡಿದೆ ನೋಡಿ, ಪಕ್ಕದ ಸೈಟಿನಲ್ಲಿ ಟೈಲ್ಸ್ ಕತ್ತರಿಸುವ ಯಂತ್ರ ನನ್ನ ತಲೆಬುರುಡೆಯೊಳಕ್ಕೇ ಬಂದಂತಾಯಿತು. ಕಿವಿ ಮುಚ್ಚಿದರೆ ದವಡೆಯ ಸದ್ದು ಮೂಳೆಯ ದಾರಿಯಲ್ಲಿ ಬಂದು ಒಳಗೇ ಸಿಕ್ಕಿಕೊಳ್ಳುತ್ತದೆ. ಹೊರಗಿನ ಲೋಕವನ್ನು ಅಳಿಸಬಲ್ಲ ₹17,499ರ ಯಂತ್ರಕ್ಕೆ ₹20ರ ಕೋಡುಬಳೆಯನ್ನು ಅಳಿಸಲಾಗಲಿಲ್ಲ.

ವೈರ್‌ಲೆಸ್ ಎಂಬ ಬಿರುದಿನ ಪರೀಕ್ಷೆ ಬೇಗ ಮುಗಿಯಿತು. ಬ್ಲೂಟೂತ್‌ನಲ್ಲಿ ಆಡಿದರೆ, ದೀಪಾವಳಿಯಲ್ಲಿ ದೂರದ ರಾಕೆಟ್ಟು ಬೆಳಕು ಚೆಲ್ಲಿದ ಮೇಲೆ ಸದ್ದು ಕೇಳುತ್ತದಲ್ಲ, ಹಾಗೆ ಗುಂಡು ಹಾರಿದ ಮೇಲೆ ಸದ್ದು. ಅದಕ್ಕೇ ಕಂಪ್ಯೂಟರಿಗೆ ಸಿಕ್ಕಿಸುವ ಒಂದು ಗುಬುಟನ್ನು ಕೊಟ್ಟಿರುತ್ತಾರೆ, ಡಾಂಗಲ್ ಅಂತ. ಅದೂ 2.4 ಗಿಗಾಹರ್ಟ್ಸ್‌ನಲ್ಲೇ ಮಾತಾಡುತ್ತದೆ, ಆದರೆ ಗೊತ್ತಾಗುವಷ್ಟು ತಡವಿಲ್ಲ. ನಮ್ಮ ಮೈಕ್ರೋವೇವ್ ಓವನ್ನೂ ಅದೇ ಬೀದಿಯ ನಿವಾಸಿ ಎಂಬುದು ಮಾತ್ರ ನನಗೆ ತಿಳಿದಿರಲಿಲ್ಲ. ಹೆಂಡತಿ ಒಳಗೆ ಅನ್ನ ಬಿಸಿಗಿಟ್ಟಳು, ಹೊರಗೆ ನನ್ನ ಯುದ್ಧಭೂಮಿ ತೊದಲತೊಡಗಿತು.

ಯುದ್ಧಭೂಮಿ ಎಂದರೆ ಕೌಂಟರ್-ಸ್ಟ್ರೈಕ್. ಗೇಮಿಂಗ್ ಎಂಬ ಬಿರುದಿಗೆ ನ್ಯಾಯ ಸಲ್ಲಬೇಕಾದರೆ ಆಡಲೇಬೇಕಿತ್ತು. ಅದರಲ್ಲಿ ಕಣ್ಣಿಗಿಂತ ಕಿವಿ ದೊಡ್ಡದು. ಶತ್ರು ಗೋಡೆಯ ಆಚೆ ಹೆಜ್ಜೆ ಹಾಕಿದರೆ ಎಡವೋ ಬಲವೋ ಎಷ್ಟು ದೂರವೋ ಎಂದು ಸದ್ದಿನಲ್ಲೇ ಅಂದಾಜು ಮಾಡಬೇಕು. ಹೆಡ್‌ಸೆಟ್ ಈ ಕೆಲಸದಲ್ಲಿ ಅಪ್ಪಟ ಚಿನ್ನ. ಬಲ ಹಿಂಬದಿಯಲ್ಲಿ, ಹತ್ತು ಹೆಜ್ಜೆ ದೂರದಲ್ಲಿ, ಒಬ್ಬನೇ ಬರುತ್ತಿದ್ದಾನೆ ಎಂದು ಸ್ಪಷ್ಟವಾಗಿ ತಿಳಿಯಿತು. ಎಡಕ್ಕೆ ತಿರುಗಿದೆ, ಸತ್ತೆ. ಎರಡನೇ ಸಲವೂ ಸ್ಪಷ್ಟವಾಗಿ ತಿಳಿದೇ ಸತ್ತೆ. ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಕಿನ್ನರಿಯ ಗುಣಮಟ್ಟಕ್ಕೆ ಅಂಕ ಕಡಿಮೆ ಮಾಡಬಾರದಲ್ಲ, ಪೂರ್ಣಾಂಕ ಕೊಟ್ಟೆ.

ಐದನೇ ದಿನ ಮಗ ಕ್ಷೌರಕ್ಕೆ ಹೋಗಿದ್ದ, ಹೆಂಡತಿ ದೇವಸ್ಥಾನಕ್ಕೆ. ಅಮ್ಮ ಹಿಯರಿಂಗ್ ಏಡನ್ನು ಬಿಚ್ಚಿ ಕುಂಕುಮದ ಭರಣಿಯ ಪಕ್ಕ ಇಟ್ಟು ಮಲಗಿದ್ದಳು (82 ವರ್ಷದ ಆಕೆಗೆ ನಾಯ್ಸ್ ಕ್ಯಾನ್ಸಲಿಂಗಿಗೆ ಯಂತ್ರ ಬೇಡ). ನಾನು ಸಂಪಿನ ಮೋಟಾರ್ ಹಾಕಿ, ತೊಟ್ಟಿ ತುಂಬಲು ಇಪ್ಪತ್ತು ನಿಮಿಷ ಇದೆ ಎಂದು ಮಗನ ಜಾಗದಲ್ಲಿ ಆಟಕ್ಕೆ ಕೂತೆ. ಅವನ ತಂಡದ ಹುಡುಗರು ಪರಿಚಯವಾಗಿದ್ದರು. ಅದರಲ್ಲೊಬ್ಬ ಹುಬ್ಬಳ್ಳಿಯವನು, ನನ್ನನ್ನು ಕಾಕಾ ಎನ್ನುತ್ತಾನೆ, ನಾನು ಸತ್ತಾಗಲೆಲ್ಲ "ಇರಲಿ ಬಿಡ್ರಿ" ಎನ್ನುತ್ತಾನೆ. ಕಿವಿ ಮುಚ್ಚಿದ್ದರಿಂದ ನನ್ನ ದನಿ ನನಗೇ ಮಂಕಾಗಿ ಕೇಳಿ, ಹಳೇ ಕಾಲದ ಟ್ರಂಕ್ ಕಾಲಿನಲ್ಲಿ ಮಾತಾಡಿದಂತೆ ಕಿರುಚುತ್ತಿದ್ದೆ. ಬಾಯಿಯ ಮುಂದಿನ ಮೈಕಿಗೂ ಬೇರೆಯದೇ ನಾಯ್ಸ್ ಕ್ಯಾನ್ಸಲಿಂಗ್ ಇರುತ್ತದೆ. ನಮ್ಮ ಮನೆಯ ಗದ್ದಲ ಆಚೆಯವರಿಗೆ ಹೋಗದಿರಲೆಂದು. ಅದನ್ನು ಪರೀಕ್ಷೆಗೆಂದು ನಾನೇ ಆಫ್ ಮಾಡಿದ್ದೆ.

"ಕಾಕಾರ, ನಿಮ್ಮ ಕಡೆ ಮಳಿ ಬರಾಕತ್ತೈತೇನ್ರಿ?"

"ಇಲ್ಲಪ್ಪಾ, ಬಿಸಿಲು ಸುಡ್ತಿದೆ!"

"ಮತ್ತ ತಗಡಿನ ಮ್ಯಾಲ ಧೋ ಅಂತ ನೀರ ಬೀಳೂ ಸಪ್ಪಳ ಕೇಳಾಕತ್ತೈತ್ರಿ."

ಕಿವಿಯಿಂದ ಹೆಡ್‌ಸೆಟ್ ಕಿತ್ತೆ. ತೊಟ್ಟಿಯಿಂದ ಉಕ್ಕಿದ ನೀರು ಕಿಟಕಿಯ ಮೇಲಿನ ಶೀಟಿಗೆ ಬಿದ್ದು, ಅಲ್ಲಿಂದ ಕೆಳಮನೆಯವರು ಟೆರೇಸಿಗೆ ಒಯ್ಯಲೆಂದು ಬಾಗಿಲಲ್ಲಿಟ್ಟಿದ್ದ ಸಂಡಿಗೆಯ ತಟ್ಟೆಗಳ ಮೇಲೆ ಇಳಿಯುತ್ತಿತ್ತು. ಮೋಟಾರು ಗುಂಯ್ ಎಂದು ಎಷ್ಟು ಹೊತ್ತಿನಿಂದ ಕರೆಯುತ್ತಿತ್ತೋ. ನಾಲ್ಕು ಮಾರು ದೂರದ ನನಗೆ ಕೇಳದ ನಮ್ಮ ಮನೆಯ ನೀರು, 400 ಕಿಲೋಮೀಟರ್ ಆಚೆ ಹುಬ್ಬಳ್ಳಿಯಲ್ಲಿ ಕೇಳಿಸಿತ್ತು. ಡೈರಿಯ ಎರಡು ಸಾಲೂ ಒಂದೇ ಏಟಿಗೆ ಭರ್ತಿಯಾದವು. ಕಿವಿಯ ನಾಯ್ಸ್ ಕ್ಯಾನ್ಸಲಿಂಗ್: ಅತ್ಯುತ್ತಮ. ಮೈಕಿನ ಸೂಕ್ಷ್ಮತೆ: ಅತ್ಯುತ್ತಮ. ಸಂಡಿಗೆಗೆ ಕೊಟ್ಟ ಪರಿಹಾರವನ್ನು ಇತರೆ ವೆಚ್ಚದಲ್ಲಿ ಬರೆದೆ.

ಆರನೇ ದಿನ ಹೆಂಡತಿಯೇ, "ಕೊಡಿ ಇಲ್ಲಿ, ಅದರಲ್ಲೇನಿದೆ ನೋಡೋಣ" ಎಂದು ಹೆಡ್‌ಸೆಟ್ ಹಾಕಿಕೊಂಡು ಬಟಾಣಿ ಬಿಡಿಸಲು ಕೂತಳು. ಇಂಥ ಅವಕಾಶ ಮತ್ತೆ ಸಿಗುವುದುಂಟೆ? ಎದುರಿಗೆ ಕೂತು ಡಬಲ್ ಎಂಟ್ರಿಯಿಂದ ಆರಂಭಿಸಿ, ಬೋಸರ ವಿಮಾನ, ಮೂರೂವರೆ ಮೀಟರಿನ ಅಲೆ, ಅಲ್ಲಿಂದ ನನ್ನ ಪಿಂಚಣಿ ಫೈಲು, 1996ರಲ್ಲಿ ನನಗೆ ತಪ್ಪಿದ ಬಡ್ತಿ, ಎಲ್ಲವನ್ನೂ ವಿವರವಾಗಿ ಹೇಳಿದೆ. ಅವಳು ನಡುವೆ ಬಾಯಿ ಹಾಕಲಿಲ್ಲ, "ಅದನ್ನ ಹೋದ ವಾರಾನೇ ಹೇಳಿದ್ರಿ" ಎನ್ನಲಿಲ್ಲ. ಮುಖದಲ್ಲಿ ತಿಳಿನಗೆ. ಮದುವೆಯಾಗಿ 28 ವರ್ಷಕ್ಕೆ ನನ್ನ ಮಾತಿಗೆ ಬೆಲೆ ಬಂತಲ್ಲ ಎಂದು ಗಂಟಲು ಕಟ್ಟಿತು. ಬಟಾಣಿ ಮುಗಿದ ಮೇಲೆ ಅವಳು ಹೆಡ್‌ಸೆಟ್ ಕತ್ತಿಗಿಳಿಸಿ ವರದಿ ಕೊಟ್ಟಳು:

"ಕುಕ್ಕರ್ ಕೇಳ್ಸತ್ತೆ ರೀ, ಸೊಪ್ಪಿನೋಳು ಕೇಳ್ಸತ್ತೆ, ಬೆಲ್ ಕೇಳ್ಸತ್ತೆ. ಫ್ಯಾನು, ಫ್ರಿಜ್ಜು, ನೀವು, ಈ ಮೂರೇ ಇಲ್ಲ."

ಮಗ ಬಿದ್ದೂ ಬಿದ್ದೂ ನಕ್ಕ. ನಾನು ವಿಜ್ಞಾನದ ಪುಸ್ತಕ ತೆಗೆದೆ. ಗಂಡಸಿನ ದನಿಯ ಬುಡದ ಕಂಪನ ಸೆಕೆಂಡಿಗೆ ಸುಮಾರು 100ರಿಂದ 150, ಹೆಂಗಸಿನದ್ದು ಹೆಚ್ಚುಕಡಿಮೆ ಅದರ ಎರಡರಷ್ಟು. ಯಂತ್ರ ಅಳಿಸುವುದು ಏರಿಳಿತವಿಲ್ಲದ, ಎಡೆಬಿಡದ ಮಂದ್ರ ಸದ್ದನ್ನು. ಮಾತಿನ ವ್ಯಂಜನಗಳಾದರೂ ಉಳಿಯಬೇಕಿತ್ತಲ್ಲ ಎಂದು ವಾದಿಸಿದೆ. "ಉಳೀತಪ್ಪಾ," ಎಂದಳು, "ಅಲ್ಲಲ್ಲಿ ಚ, ಟ, ಪ ಅಂತ ಕೇಳ್ತಿತ್ತು. ಬಟಾಣಿ ಸಿಡೀತಿದೆ ಅಂದ್ಕೊಂಡೆ."

ಏಳನೇ ದಿನ ವಾಪಸ್ ಕಳಿಸಲು ಡಬ್ಬಿ ಹುಡುಕಿದರೆ ಅದರಲ್ಲಿ ಕೆಳಮನೆಯವರಿಗೆ ಬದಲಿಯಾಗಿ ಮಾಡಿದ ಸಂಡಿಗೆ ತುಂಬಿತ್ತು. ಹೆಡ್‌ಸೆಟ್ ಈಗ ಸಂಜೆ ಏಳರಿಂದ ಒಂಬತ್ತರವರೆಗೆ ಅವಳದು. ಆ ಅವಧಿ ನಾನು ಪೇಪರಿನ ಸುದ್ದಿಯನ್ನು ಜೋರಾಗಿ ಓದಿ ಟಿಪ್ಪಣಿ ಮಾಡುವ ಹೊತ್ತಿಗೆ ಸರಿಯಾಗಿ ಹೊಂದುತ್ತದೆ. ಮಗ ತನ್ನ ಹಳೇ ವೈರಿನ ಹೆಡ್‌ಸೆಟ್ ಹೊರತೆಗೆದಿದ್ದಾನೆ. ಅವನು ಊಟಕ್ಕೆದ್ದಾಗ ನಾನು ಮೆಲ್ಲನೆ ಆ ಕುರ್ಚಿಗೆ ಜಾರುತ್ತೇನೆ. ಆಟ ಆಡುವುದಿಲ್ಲ. ಮೊನ್ನೆ 1996ರ ಬಡ್ತಿಯ ಕತೆ ಹುಬ್ಬಳ್ಳಿಯ ಹುಡುಗನಿಗೆ ಹೇಳಲು ಶುರುಮಾಡಿದ್ದೆ. ಅವನು ಹೂಂಗುಟ್ಟುತ್ತಲೇ ಇದ್ದ, ಒಳ್ಳೆಯ ಸಂಸ್ಕಾರ. ಕತೆ ಇನ್ನೇನು ನಮ್ಮ ಡೈರೆಕ್ಟರ ಚೇಂಬರಿನ ಬಾಗಿಲಿಗೆ ಬಂದಿತ್ತು.

"ಕಾಕಾರ, ಒಂದ್ ಮಿನಿಟ್ರಿ. ಮೋಟಾರ್ ಬಂದ್ ಮಾಡೀರಿ?"