ಸುಣ್ಣ, ಪಟ್ಟಿ, ಟಚಪ್ಪು

ಸೂಳೆಕೆರೆ ಸುತ್ತಿನ ಊರುಗಳಲ್ಲಿ ಗೋಡೆಗೆ ಯಾವ ಉಪಚಾರ ಮಾಡಿಸಿದರೂ ಅದರ ಹೆಸರು ‘ಸುಣ್ಣ-ಬಣ್ಣ’. ಹಜಾರದಲ್ಲಿ ಇಪ್ಪತ್ತು ಲೀಟರಿನ ಎಮಲ್ಷನ್ ಬಕೆಟ್ ಕೂತಿದ್ದು, ಸುಣ್ಣದ ಒಂದು ಹರಳೂ ಮನೆಯಲ್ಲಿ ಇಲ್ಲದಿದ್ದರೂ, ಬೀಗರ ಫೋನು ಬಂದಾಗ ಹೇಳುವುದು ‘ಮನೆಗೆ ಸುಣ್ಣ ಹೊಡುಸ್ತಾ ಇದೀವಿ’ ಎಂದೇ. ಹೊಸ ಬಳಿತದ ಅಡಿಯಿಂದ ಹಳೆಯ ಮಾತು ಹಾಯುವುದು ಈ ಸೀಮೆಗೆ ಹೊಸದೇನಲ್ಲ. ಕೆರೆಯ ಹೆಸರನ್ನೇ ನೋಡಬಹುದು. ಎರಡು ಗುಡ್ಡಗಳ ನಡುವೆ ಹರಿದ್ರಾ ಹಳ್ಳಕ್ಕೆ ಏರಿ ಹಾಕಿ ಶತಮಾನಗಳ ಹಿಂದೆ ಕಟ್ಟಿದ ಈ ಕೆರೆಗೆ ಸರ್ಕಾರಿ ಫಲಕದಲ್ಲಿ ‘ಶಾಂತಿಸಾಗರ’ ಎಂದು ಒಂದು ಕೋಟು ಹೊಡೆದಾಗಿದೆ. ಜನರ ಬಾಯಲ್ಲಿ ಅದು ಸೂಳೆಕೆರೆಯೇ. ಪೇಂಟರುಗಳ ಭಾಷೆಯಲ್ಲಿ ಹೇಳುವುದಾದರೆ ಕವರಿಂಗ್ ಸಾಲದು, ಇನ್ನೊಂದು ಕೋಟು ಬೇಕು. ಅಂದಹಾಗೆ ಹರಿದ್ರಾ ಎಂದರೆ ಅರಿಶಿನ. ಹಳ್ಳವೂ ಬಣ್ಣದ ಹೆಸರು ಹೊತ್ತೇ ಹರಿಹರದವರೆಗೆ ಹೋಗಿ ತುಂಗಭದ್ರೆಯನ್ನು ಸೇರುತ್ತದೆ.

ಮೊದಲ ಪದ ಸುಣ್ಣ. ಸುಣ್ಣದಕಲ್ಲನ್ನು ಗೂಡಿನಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್‌ವರೆಗೆ ಸುಟ್ಟರೆ ಅದರಲ್ಲಿದ್ದ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹಾಕಿದರೆ ಬೆಂಕಿಯಿಲ್ಲದೆ ಕೊತಕೊತ ಕುದಿಯುತ್ತದೆ. ಇದಕ್ಕೆ ‘ಸುಣ್ಣ ಅರಳಿಸುವುದು’ ಎನ್ನುತ್ತಾರೆ. ಹಿಂದೆ ಹಿತ್ತಿಲಿನಲ್ಲಿ ಹರವಿ ಇಟ್ಟು ಸುಣ್ಣ ಅರಳಿಸುವ ದಿನ ಮಕ್ಕಳನ್ನು ಹತ್ತಿರ ಬಿಡುತ್ತಿರಲಿಲ್ಲ, ಮಕ್ಕಳು ದೂರವೂ ಹೋಗುತ್ತಿರಲಿಲ್ಲ. ಅರಳಿದ ಸುಣ್ಣವನ್ನು ಸೋಸಿ, ಅಂಟಿಗೆ ಗೋಂದನ್ನೋ ಫೆವಿಕಾಲನ್ನೋ ಬೆರೆಸಿ, ತುದಿ ಜಜ್ಜಿದ ಕತ್ತಾಳೆ ನಾರಿನ ಕುಂಚದಿಂದ ಬಳಿದರೆ, ಗೋಡೆಯ ಮೇಲೆ ಅದು ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಮೆಲ್ಲಗೆ ಮರಳಿ ಹೀರಿಕೊಂಡು ಮತ್ತೆ ಕಲ್ಲೇ ಆಗುತ್ತದೆ. ಕಲ್ಲಿನಿಂದ ಗೂಡಿಗೆ, ಗೂಡಿನಿಂದ ಹರವಿಗೆ, ಹರವಿಯಿಂದ ಗೋಡೆಗೆ, ಗೋಡೆಯ ಮೇಲೆ ಮತ್ತೆ ಕಲ್ಲಿಗೆ. ‘ಸುತ್ತಿ ಸುಣ್ಣವಾಗುವುದು’ ಎಂಬ ಮಾತು ದಣಿದ ಮನುಷ್ಯನಿಗಿಂತ ಸುಣ್ಣಕ್ಕೇ ಹೆಚ್ಚು ಒಪ್ಪುತ್ತದೆ.

ಅಡಿಕೆಯ ನಾಡಾದ ಚನ್ನಗಿರಿಯಲ್ಲಿ ಸುಣ್ಣಕ್ಕೆ ಎರಡು ಕಡೆ ಉದ್ಯೋಗ. ಗೋಡೆಯ ಮೇಲೆ ಅದು ಬಿಳಿ. ಎಲೆ-ಅಡಿಕೆಯ ಜೊತೆ ಬಾಯಿಗೆ ಹೋದರೆ ಅಡಿಕೆಯ ಒಗರಿನ ಮೇಲೆ ಅದರ ಕ್ಷಾರ ಕೆಲಸ ಮಾಡಿ ಕೆಂಪು. ಎರಡೂ ಸುಣ್ಣಗಳು ಕೊನೆಗೆ ಭೇಟಿಯಾಗುವುದು ಕಚೇರಿಗಳ ಮೆಟ್ಟಿಲಿನ ತಿರುವಿನಲ್ಲಿ. ಅಲ್ಲಿ ಬಿಳಿಯದನ್ನು ವರ್ಷಕ್ಕೊಮ್ಮೆ ಬಳಿಯುತ್ತಾರೆ, ಕೆಂಪಿನದಕ್ಕೆ ದಿನವೂ ಕೋಟು ಬೀಳುತ್ತದೆ.

ಸುಣ್ಣದ ತಮ್ಮ ನೀಲಿ. ಬರಿಯ ಸುಣ್ಣ ಒಣಗಿದ ಮೇಲೆ ತುಸು ಹಳದಿಗೆ ತಿರುಗಿದಂತೆ ಕಾಣುತ್ತದೆ; ಒಂದು ಚಿಟಿಕೆ ನೀಲಿ ಆ ಹಳದಿಯನ್ನು ಕಣ್ಣಿನಿಂದ ಮರೆಸುತ್ತದೆ. ಈ ನೀಲಿಯನ್ನು ಒಂದು ಕಾಲಕ್ಕೆ ಅಫ್ಘಾನಿಸ್ತಾನದ ಬೆಟ್ಟಗಳ ರತ್ನದ ಕಲ್ಲನ್ನು ಅರೆದು ತೆಗೆಯುತ್ತಿದ್ದರು. 1828ರ ಹೊತ್ತಿಗೆ ಫ್ರಾನ್ಸಿನಲ್ಲಿ ಅದನ್ನು ಕುಲುಮೆಯಲ್ಲೇ ತಯಾರಿಸುವ ದಾರಿ ಸಿಕ್ಕಿತು. ದೊರೆಗಳ ಚಿತ್ರಪಟದ ಬಣ್ಣ ಕಿರಾಣಿ ಅಂಗಡಿಯ ಪೊಟ್ಟಣಕ್ಕೆ ಇಳಿಯಿತು. ಚಿಟಿಕೆಯ ಅಳತೆ ಮಾತ್ರ ಯಾವ ಪುಸ್ತಕದಲ್ಲೂ ಇಲ್ಲ. ಆದ್ದರಿಂದಲೇ ಒಂದೇ ಮನೆಯಲ್ಲಿ ಪಡಸಾಲೆ ಬೆಳ್ಳಗೆ, ನಡುಮನೆ ಆಕಾಶ, ಅಡುಗೆಮನೆ ಮುಂಗಾರಿನ ಮೋಡ.

ಗೋಡೆಯ ಬುಡಕ್ಕೆ ಕೆಮ್ಮಣ್ಣು ಅಥವಾ ಜಾಜಿನ ಪಟ್ಟೆ ಎಳೆಯುವುದು ಕಾರಣೆ. ನೆಲಕ್ಕೆ ಸಗಣಿ ಬಳಿಯುವ ಸಾರಣೆಯ ಜೊತೆ ಸೇರಿ ‘ಸಾರಣೆ-ಕಾರಣೆ’ ಎಂಬ ಜೋಡಿಪದವಾಯಿತು. ಮಳೆಯ ಸಿಡಿತ, ಕೋಳಿ ಕೆದಕಿದ ಮಣ್ಣು, ಮಕ್ಕಳ ಕಾಲು ಇವೆಲ್ಲ ಬೀಳುವ ಎತ್ತರಕ್ಕೆ ಸರಿಯಾಗಿ ಕೆಂಪು ಬಳಿದವರು ಜಾಣರು. ಇಂದು ಅದೇ ಜಾಗದಲ್ಲಿ ನಾಲ್ಕಂಗುಲದ ಟೈಲ್ಸು ಕೂರಿಸಿ ‘ಸ್ಕರ್ಟಿಂಗ್’ ಎನ್ನುತ್ತಾರೆ. ರೇಟು ಮಾತ್ರ ಅಡಿಗಿಷ್ಟು ಎಂದು ಬೇರೆ.

ಸುಣ್ಣದ ನಂತರ ಬಂದದ್ದು ಡಿಸ್ಟೆಂಪರ್. ಸೀಮೆಸುಣ್ಣದಂಥ ಪುಡಿಗೆ ಬಣ್ಣ ಮತ್ತು ಅಂಟು ಸೇರಿಸಿದ ಬಳಿತ ಇದು. ಪಶು ಆಸ್ಪತ್ರೆಯಲ್ಲಿ ಇದೇ ಪದಕ್ಕೆ ನಾಯಿಗಳಿಗೆ ಬರುವ ಒಂದು ಕಾಯಿಲೆ ಎಂಬ ಅರ್ಥವಿದೆ. ಹಳ್ಳಿಗಳಲ್ಲಿ ಇದನ್ನು ‘ಡಿಸ್ಟೆಂಬರ್’ ಎನ್ನುವುದುಂಟು. ಅಡಿಕೆ ಕೊಯ್ಲು ಮುಗಿದು ಕೈಗೆ ದುಡ್ಡು ಬರುವುದೂ ಹೆಚ್ಚುಕಡಿಮೆ ಆ ತಿಂಗಳ ಹೊತ್ತಿಗೇ ಆದ್ದರಿಂದ ಈ ಉಚ್ಚಾರವನ್ನು ತಿದ್ದುವ ಅಗತ್ಯವಿಲ್ಲ. ಅಗ್ಗದ ಡಿಸ್ಟೆಂಪರನ್ನು ಗುರುತಿಸಲು ಗೋಡೆಯನ್ನು ನೋಡಬೇಕಿಲ್ಲ, ಒರಗಿ ಕೂತಿದ್ದ ನೆಂಟರು ಎದ್ದು ಹೊರಟಾಗ ಅವರ ಬೆನ್ನು ನೋಡಿದರೆ ಸಾಕು. ಹೊರಗೋಡೆಗೆ ಸಿಮೆಂಟ್ ಪೇಂಟ್. ಅದನ್ನು ಯಾವ ಕಂಪನಿಯದಾದರೂ ‘ಸ್ನೋಸೆಮ್’ ಎಂದೇ ಕರೆಯುತ್ತಾರೆ.

ಇನ್ನು ಪಟ್ಟಿ. ಗೋಡೆಯ ಹಳ್ಳ-ದಿಣ್ಣೆಗಳನ್ನು ಸಮ ಮಾಡುವ ವಾಲ್ ಪುಟ್ಟಿಗೆ ಪೇಂಟರುಗಳು ಇಟ್ಟುಕೊಂಡ ಹೆಸರಿದು. ಬಿಳಿ ಸಿಮೆಂಟಿಗೆ ಅಂಟುಗುಣದ ಪಾಲಿಮರ್ ಸೇರಿಸಿದ ಪುಡಿ, 40 ಕಿಲೋ ಚೀಲದಲ್ಲಿ ಬರುತ್ತದೆ. ನೀರಿನಲ್ಲಿ ಕಲಸಿ ಅಗಲ ತಗಡಿನಿಂದ ಗೋಡೆಗೆ ಎಳೆಯುತ್ತಾರೆ. ತೊಂದರೆಯೆಂದರೆ ಈ ಸೀಮೆಯಲ್ಲಿ ಪಟ್ಟಿ ಎಂಬ ಪದ ಮೊದಲೇ ತುಂಬಿಹೋಗಿದೆ. ಅಡಿಕೆ ಮಂಡಿಯಲ್ಲಿ ತೂಕ, ದರ, ಕಮಿಷನ್ ಕಳೆದು ಕೊಡುವ ಚೀಟಿ ಪಟ್ಟಿ. ಜಾತ್ರೆಗೆ ಮನೆಮನೆಗೆ ಎತ್ತುವ ವಂತಿಗೆ ಪಟ್ಟಿ. ಮಂಡಿ ಚಿಪ್ಪು ಕಿತ್ತುಬಂದರೆ ಕಟ್ಟುವುದೂ ಪಟ್ಟಿ. ಹೀಗಾಗಿ ಚಹಾದಂಗಡಿಯಲ್ಲಿ ‘ಏನ್ ಗೌಡ್ರೆ, ಪಟ್ಟಿ ಆತಾ?’ ಎಂದು ಒಬ್ಬರು ಕೇಳಿ, ‘ಆತು ಮಾರಾಯ, ಹನ್ನೆರಡು ಚೀಲ’ ಎಂದು ಇನ್ನೊಬ್ಬರು ನಿಟ್ಟುಸಿರು ಬಿಟ್ಟರೆ, ಪಕ್ಕದಲ್ಲಿದ್ದವರು ಹನ್ನೆರಡು ಚೀಲ ಅಡಿಕೆ ಮಾರಿಯೂ ನಿಟ್ಟುಸಿರೇಕೆ ಎಂದು ಹೊಟ್ಟೆ ಉರಿಸಿಕೊಳ್ಳುತ್ತಾರೆ.

ಪಟ್ಟಿ ಎಳೆದ ಮೇಲೆ ತಿಕ್ಕುವುದು. ಉಜ್ಜುಕಾಗದಕ್ಕೆ ನಂಬರಿದೆ: 80 ಒರಟು, 220 ನಯ. ನಂಬರು ಏರಿದಷ್ಟೂ ಕಾಗದ ಸೌಮ್ಯವಾಗುತ್ತದೆ. ತಿಕ್ಕಿದ ಪುಡಿ ನೆಲಕ್ಕೆ ಬೀಳುತ್ತದೆ ಎಂಬುದು ಕೇವಲ ನಂಬಿಕೆ. ಬಾಗಿಲು ಮುಚ್ಚಿ, ಸಂದಿಗೆ ಹಳೆಯ ಪಂಚೆ ತುರುಕಿದ್ದರೂ ಸಂಜೆಯ ಹೊತ್ತಿಗೆ ಅದು ದೇವರಮನೆಯ ಸಾಲಿಗ್ರಾಮದ ಮೇಲೆ, ಉಪ್ಪಿನಕಾಯಿ ಭರಣಿಯ ಬಟ್ಟೆಯ ಮೇಲೆ, ಟೀವಿ ರಿಮೋಟಿನ ಗುಂಡಿಗಳ ಸಂದಿಯಲ್ಲಿ ಸಿಗುತ್ತದೆ. ಬೆಕ್ಕು ಓಡಾಡಿದ ಜಾಗವೆಲ್ಲ ನೆಲದ ಮೇಲೆ ಬರೆದಿಟ್ಟ ಹಾಗಿರುತ್ತದೆ. ಆರು ತಿಂಗಳ ನಂತರ ಅಟ್ಟದಿಂದ ಇಳಿಸಿದ ಹೋಳಿಗೆ ಹಂಚಿನ ಮೇಲೂ ತೆಳ್ಳಗೆ ಒಂದು ಕೋಟು ಇದ್ದೇ ಇರುತ್ತದೆ. ಹಳೆಯ ಆಯಿಲ್ ಪೇಂಟ್ ಬಳಿದ ಬಾಗಿಲನ್ನು ತಿಕ್ಕುವಾಗ ಮಾತ್ರ ಇದು ತಮಾಷೆಯಲ್ಲ. ಹಿಂದಿನ ಬಣ್ಣಗಳಲ್ಲಿ ಸೀಸ ಬಳಕೆಯಲ್ಲಿತ್ತು. ಮನೆಯ ಬಣ್ಣದಲ್ಲಿ ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸ ಇರಬಾರದು ಎಂಬ ಕಟ್ಟಳೆ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಹಳೆಯ ಬಾಗಿಲನ್ನು ನೀರು ಹಚ್ಚಿ ತಿಕ್ಕಬೇಕು, ಮಕ್ಕಳನ್ನು ಅಜ್ಜಿಮನೆಗೆ ಕಳಿಸಬೇಕು.

ಪ್ರೈಮರ್ ಎಂದರೆ ಕಾಣದ ಖರ್ಚು. ಹೊಸ ಸಿಮೆಂಟ್ ಗೋಡೆಯಲ್ಲಿ ಕ್ಷಾರವಿರುತ್ತದೆ. ಎಣ್ಣೆಯ ಬಣ್ಣವನ್ನು ನೇರವಾಗಿ ಬಳಿದರೆ ಕ್ಷಾರ ಮತ್ತು ಎಣ್ಣೆ ಸೇರಿ ಗೋಡೆಯ ಮೇಲೇ ಸಾಬೂನು ತಯಾರಾಗುತ್ತದೆ. ಅದನ್ನು ತಡೆಯುವುದು, ಗೋಡೆ ಬಣ್ಣವನ್ನೆಲ್ಲ ಕುಡಿದುಬಿಡದಂತೆ ನೋಡಿಕೊಳ್ಳುವುದು ಪ್ರೈಮರಿನ ಕೆಲಸ. ಅದಕ್ಕೂ ಮೊದಲು ಗೋಡೆ ಒಣಗಬೇಕು. ಒಣಗಲು ವಾರಗಳೇ ಬೇಕು. ಗೃಹಪ್ರವೇಶದ ಮುಹೂರ್ತ ಇಡುವ ಪಂಚಾಂಗದಲ್ಲಿ ಇದಕ್ಕೆ ಕಲಮು ಇಲ್ಲ. ಕಿಟಕಿಯ ಗ್ರಿಲ್ಲಿಗೆ ಹಾಕುವ ಪ್ರೈಮರ್ ರೆಡಾಕ್ಸೈಡ್. ಇದು ಬಣ್ಣ ಬಳಿಯುವ ಮುನ್ನ ತುಕ್ಕು ತಡೆಯಲು ಹಾಕುವ ತಾತ್ಕಾಲಿಕ ಲೇಪ. ಹಲವು ಮನೆಗಳಲ್ಲಿ ತಾತ್ಕಾಲಿಕ ಎಂದರೆ ಮಗಳ ಮದುವೆಯವರೆಗೆ.

ನೀರಿನಲ್ಲಿ ಬೆರೆಯುವುದು ಎಮಲ್ಷನ್, ಟರ್ಪಂಟೈನಿನಲ್ಲಿ ಬೆರೆಯುವುದು ಎನಾಮಲ್. ಪೇಂಟರು ‘ಟರ್ಪಿನ್’ ಎನ್ನುವ ಇದು ಮೂಲದಲ್ಲಿ ಪೈನ್ ಮರದ ಅಂಟಿನಿಂದ ತೆಗೆದದ್ದು. ಈಗ ಬಣ್ಣದಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದು ಪೆಟ್ರೋಲಿಯಂ ಮೂಲದ್ದು. ಎರಡು ಲೀಟರ್ ಬರೆದುಕೊಟ್ಟರೆ ಒಂದು ಬಣ್ಣಕ್ಕೆ, ಇನ್ನೊಂದು ಕೈ ತೊಳೆಯಲು.

ಶೇಡ್ ಕಾರ್ಡ್ ಎಂಬುದು ಸಂಸಾರದಲ್ಲಿ ಭಿನ್ನಾಭಿಪ್ರಾಯ ಬಿತ್ತುವ ಕಿರುಹೊತ್ತಗೆ. ಅದರಲ್ಲಿ ಬಣ್ಣಗಳಿಗೆ ಇಂಗ್ಲಿಷಿನ ಕವಿತೆಯಂಥ ಹೆಸರುಗಳಿರುತ್ತವೆ, ಯಾರೂ ಓದುವುದಿಲ್ಲ. ಊರಿನವರ ಬಳಿ ತಮ್ಮದೇ ಕಾರ್ಡಿದೆ: ಗಿಳಿ ಹಸಿರು, ಎಲೆಚಿಗುರು, ಬದನೆಕಾಯಿ, ಪಾರಿವಾಳ, ಬಿಸ್ಕತ್ತು. ಅಂಗಡಿಯವರು ಬಿಸ್ಕತ್ತು ಎಂದೊಡನೆ ‘ಯಾವ ಬಿಸ್ಕತ್ತು, ಬೇಯಿಸಿದ್ದಾ, ಚಹಾದಾಗೆ ಅದ್ದಿದ್ದಾ?’ ಎಂದು ಕೇಳುತ್ತಾರೆ, ಉತ್ತರ ಸಿಕ್ಕೊಡನೆ ಸರಿಯಾದ ಡಬ್ಬಿ ಕೊಡುತ್ತಾರೆ. ಅಂಗೈಯಗಲದ ಚೌಕದಲ್ಲಿ ಒಪ್ಪಿದ ಬಣ್ಣ ಹನ್ನೆರಡಡಿ ಗೋಡೆಗೆ ಏರಿದಾಗ ಗಾಢವಾಗಿ ಕಾಣುತ್ತದೆ, ಏಕೆಂದರೆ ಎದುರುಬದುರು ಗೋಡೆಗಳು ಒಂದರ ಬಣ್ಣವನ್ನು ಇನ್ನೊಂದರ ಮೇಲೆ ಚೆಲ್ಲುತ್ತವೆ. ಮನೆಯೊಡತಿ ಇದನ್ನು ಮೊದಲ ಕೋಟಿಗೇ ಗುರುತಿಸುತ್ತಾಳೆ. ಆಗ ಪೇಂಟರ್ ಬಾಯಲ್ಲಿ ಬರುವ ವಾಕ್ಯ ಜಗಳೂರಿನಿಂದ ನ್ಯಾಮತಿಯವರೆಗೆ ಒಂದೇ: ‘ಒಣಗ್ಲಿ ಬಿಡ್ರಿ ಅಕ್ಕಾರೆ, ಒಣಗಿದ ಮ್ಯಾಲೆ ಸರಿ ಆಕೈತಿ.’ ಒಣಗಿದ ಮೇಲೆ ಬರುವ ವಾಕ್ಯವೂ ಸಿದ್ಧವಿದೆ: ‘ಸೆಕೆಂಡ್ ಕೋಟಿಗೆ ಬರ್ತೈತಿ.’

ಕೋಟು ಎಂದರೆ ಒಂದು ಸಲದ ಬಳಿತ. ಕರಾರಿನಲ್ಲಿ ಎರಡು ಪಟ್ಟಿ, ಒಂದು ಪ್ರೈಮರ್, ಎರಡು ಬಣ್ಣ ಎಂದಿರುತ್ತದೆ. ಎಣಿಸಲು ಯಾವ ಉಪಾಯವೂ ಇಲ್ಲ, ಎದುರಿಗೆ ಕುರ್ಚಿ ಹಾಕಿಕೊಂಡು ಕೂರಬೇಕು. ಒಂದೇ ಕೋಟಿಗೆ ಮಾತು ಉಳಿಸಿಕೊಂಡ ಬಣ್ಣ ಕರ್ನಾಟಕದಲ್ಲಿ ಒಂದಿದೆ. 1937ರಲ್ಲಿ ಮೈಸೂರು ಸಂಸ್ಥಾನ ಆರಂಭಿಸಿದ ಅರಗು ಮತ್ತು ಬಣ್ಣದ ಕಾರ್ಖಾನೆ, ಇಂದಿನ ಮೈಸೂರ್ ಪೇಂಟ್ಸ್, 1962ರ ಮಹಾಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಶಾಯಿಯನ್ನು ಮಾಡಿಕೊಡುತ್ತಿದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ಹಿಡಿದು ಬೆಳಕಿಗೆ ಕಪ್ಪಾಗುತ್ತದೆ, ಟರ್ಪಿನ್ನಿಗೂ ಜಗ್ಗುವುದಿಲ್ಲ. ಅದನ್ನು ಗೋಡೆಗೆ ಬಳಿಯುವ ಯೋಚನೆ ಇದುವರೆಗೆ ಯಾರಿಗೂ ಬಂದಂತಿಲ್ಲ.

ಅಳತೆಯ ವಿಷಯ ಸೂಕ್ಷ್ಮ. ಹಳೆಯ ಕಾಲದಲ್ಲಿ ಮನೆಯನ್ನು ಅಂಕಣದ ಲೆಕ್ಕದಲ್ಲಿ ಹೇಳುತ್ತಿದ್ದರು, ಕಂಬದಿಂದ ಕಂಬಕ್ಕೆ ಒಂದು ಅಂಕಣ. ಈಗ ನೂರು ಚದರಡಿಗೆ ಒಂದು ಚದರ. ಹತ್ತು ಚದರದ ಮನೆಗೆ ಸಾವಿರ ಅಡಿ ಬಣ್ಣ ಎಂದು ಯಜಮಾನರು ಮನಸ್ಸಿನಲ್ಲೇ ಗುಣಿಸಿಕೊಂಡಿರುತ್ತಾರೆ. ಗೋಡೆಗಳಿಗೆ ಎರಡು ಮುಖ, ಮೇಲೊಂದು ಸೀಲಿಂಗು ಉಂಟೆಂಬುದು ಮೇಸ್ತ್ರಿ ಟೇಪು ಹಿಡಿದಾಗಲೇ ನೆನಪಾಗುವುದು. ಬಾಗಿಲು, ಕಿಟಕಿಯ ತೆರಪಿಗೆ ಬಣ್ಣವಿಲ್ಲವಲ್ಲ, ಕಳೆಯಿರಿ ಎಂದರೆ ಮೇಸ್ತ್ರಿ ನಗುತ್ತಾನೆ. ಆ ನಗುವಿಗೆ ಆಧಾರವಿದೆ. ಅಳತೆಯ ಭಾರತೀಯ ಮಾನಕದ ಪ್ರಕಾರ ಅರ್ಧ ಚದರ ಮೀಟರಿಗಿಂತ ಚಿಕ್ಕ ತೆರಪನ್ನು ಕಳೆಯುವಂತೆಯೇ ಇಲ್ಲ. ಅಲ್ಲಿಂದ ಮೂರು ಚದರ ಮೀಟರಿನವರೆಗೆ ಎರಡು ಮುಖದಲ್ಲಿ ಒಂದನ್ನು ಮಾತ್ರ ಕಳೆಯಬೇಕು. ತೆರಪಿನ ಒಳಅಂಚುಗಳಿಗೂ ಬಣ್ಣ ಬೇಕಲ್ಲ, ಆ ಶ್ರಮಕ್ಕೆ ಇದು ಸರಿಹೋಯಿತು ಎಂಬುದು ನ್ಯಾಯ.

ಬಣ್ಣದ ಶತ್ರುಗಳಿಗೂ ಹೆಸರುಗಳಿವೆ. ಗದ್ದೆ-ತೋಟದ ನಡುವಿನ ಮನೆಗಳಲ್ಲಿ ‘ಶೀತ’: ನೆಲದ ನೀರು ಇಟ್ಟಿಗೆಯ ಸಣ್ಣ ರಂಧ್ರಗಳಲ್ಲಿ ದೀಪದ ಬತ್ತಿಗೆ ಎಣ್ಣೆ ಏರುವಂತೆ ಏರಿ, ಜೊತೆಗೆ ತಂದ ಉಪ್ಪನ್ನು ಮೇಲ್ಮೈಯಲ್ಲಿ ಬಿಟ್ಟು ಆರಿಹೋಗುತ್ತದೆ. ಗೋಡೆ ‘ಉಪ್ಪು ಕಾರುತ್ತದೆ’, ಬಣ್ಣ ಹಪ್ಪಳವಾಗಿ ಏಳುತ್ತದೆ. ಪಾಯದ ಮಟ್ಟದಲ್ಲೇ ನೀರು ತಡೆಯುವ ಪದರ ಹಾಕುವುದು ಸರಿಯಾದ ಮದ್ದು, ಸೊಸೈಟಿಯ ಕ್ಯಾಲೆಂಡರ್ ತೂಗುಹಾಕುವುದು ಚಾಲ್ತಿಯಲ್ಲಿರುವ ಮದ್ದು. ಕಲೆ ಬೆಳೆದಂತೆ ಕ್ಯಾಲೆಂಡರ್ ಹೋಗಿ ಬೀರು ಬರುತ್ತದೆ. ಮಳೆ ಕಡಿಮೆಯ ಜಗಳೂರಿನ ಕಡೆ ಶೀತದ ದೂರು ಕಡಿಮೆ, ಬಿರುಕಿನದು ಹೆಚ್ಚು. ಕೂದಲೆಳೆ ಬಿರುಕಿಗೆ ಪಟ್ಟಿ ಸಾಕು. ಬೆರಳು ಹೋಗುವಂಥದ್ದಾದರೆ ಪೇಂಟರನ್ನಲ್ಲ, ಎಂಜಿನಿಯರನ್ನು ಕರೆಯಬೇಕು. ‘ಎಲಿವೇಷನ್’ ಎಂದರೆ ರಸ್ತೆಗೆ ಕಾಣುವ ಮುಖ. ಅದಕ್ಕೆ ಮೂರು ಬಣ್ಣ ಹೊಡೆಸಿ, ಪಕ್ಕದ ಗೋಡೆಗಳನ್ನು ಸಿಮೆಂಟಿನಲ್ಲೇ ಬಿಟ್ಟ ಮನೆ ಹೊನ್ನಾಳಿ ರಸ್ತೆಯಲ್ಲಿ ಬಸ್ಸಿನ ಯಾವ ಕಿಟಕಿಯಿಂದಲೂ ಸಿಗುತ್ತದೆ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣವೂ ಇಲ್ಲ.

ಕೊನೆಯ ಪದ ಟಚಪ್ಪು. ಎಲೆಕ್ಟ್ರೀಷಿಯನ್ ಸ್ವಿಚ್ಚು ಕೂರಿಸುವಾಗ ಆದ ಕಲೆ, ಬೀರು ಒಳಗೆ ತರುವಾಗ ಆದ ಗೀರು, ಏಣಿ ಒರಗಿಸಿದ ಎರಡು ಗುರುತು ಇವನ್ನು ಮರೆಸಲು ಪೇಂಟರ್ ಕಡೆಯ ಸಲ ಬರುವ ದಿನಕ್ಕೆ ಈ ಹೆಸರು. ‘ನಾಳೆ ಬಂದು ಟಚಪ್ ಮಾಡಿಕೊಡ್ತೀನಿ, ಬಾಕಿ ಇವತ್ತೇ ಕೊಟ್ಬಿಡ್ರಿ ಯಜಮಾನ್ರೆ’ ಎಂಬಲ್ಲಿ ಎರಡನೆಯ ಭಾಗ ಖಚಿತ. ಬಲ್ಲವರು ಒಂದು ಸಾವಿರ ರೂಪಾಯಿ ತಡೆದಿಡುತ್ತಾರೆ.

ಆಮೇಲೆ ಉಳಿಯುವುದು ಖಾಲಿ ಬಕೆಟ್ಟು ಮತ್ತು ತಳದ ಬಣ್ಣ. ಬಕೆಟ್ಟು ಬಚ್ಚಲಿಗೋ ದನದ ಕಲಗಚ್ಚಿಗೋ ಹೋಗುತ್ತದೆ. ಕಿಟಕಿಗೆ ಬಳಿದು ಮಿಕ್ಕ ಅರ್ಧ ಡಬ್ಬಿ ಎನಾಮಲನ್ನು ಕಾರಹುಣ್ಣಿಮೆಗೆ ಎತ್ತಿಡುತ್ತಾರೆ. ಆಗಲೂ ಮುಗಿಯದಿದ್ದರೆ ದೀಪಾವಳಿಗೆ. ಹೊನ್ನಾಳಿ, ನ್ಯಾಮತಿ ಕಡೆಯ ಹೋರಿ ಹಬ್ಬದಲ್ಲಿ ಕೊಂಬೆತ್ತಿ ಓಡಿದ ಹೋರಿ ಯಾರದೆಂದು ಅದರ ಹಿಂದೆ ಓಡಿ ಕೇಳಬೇಕಿಲ್ಲ. ಆ ವರ್ಷ ಅದೇ ಬಣ್ಣದ ಕಿಟಕಿ ಇರುವ ಮನೆ ಹುಡುಕಿದರೆ ಆಯಿತು.